ಸ್ತೋತ್ರ ಬಾಯಿಗೆ ಬರದಿದ್ದಾಗ

ಸಹೋದರಿ, ಪತಿಯ ಕೆಲಸ ಹೋಗಿದೆ, ಅತ್ತೆಗೆ ಡಯಾಲಿಸಿಸ್ ನಡೆಯುತ್ತಿದೆ, ಪ್ರಾರ್ಥನಾ ಕೂಟದಲ್ಲಿ ‘ಸ್ತೋತ್ರ ಹೇಳಿ’ ಎಂದರೆ ಗಂಟಲು ಕಟ್ಟುತ್ತದೆ ಎಂದು ಬರೆದಿದ್ದೀರಿ. ಇದು ಅವಿಶ್ವಾಸವಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟವೇ. 88ನೆಯದಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಮೊದಲು ದೇವರ ಮುಂದೆ ಅತ್ತುಬಿಡಿ. ನಗುಮುಖ ಹೊತ್ತು ಕೂರಬೇಕೆಂದು ಒತ್ತಾಯಿಸುವವರ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಪೌಲನು ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಿಂದ. ಅದರಲ್ಲಿ ಅವನು ದೇವರನ್ನು ಕೊಂಡಾಡಿದ್ದು ಜೊತೆಗೆ ನಿಂತ ಜನರಿಗಾಗಿ. ಎಪಫ್ರೊದೀತ ಎಂಬವನ ಕೈಯಲ್ಲಿ ಅವರು ಕಳಿಸಿದ ನೆರವನ್ನೂ ನೆನೆಯುತ್ತಾನೆ. ನೀವೂ ಅಲ್ಲಿಂದಲೇ ಶುರುಮಾಡಿ. ಆಸ್ಪತ್ರೆಗೆ ಕುಚ್ಚಲಕ್ಕಿ ಗಂಜಿ ತಂದ ಪಕ್ಕದ ಮನೆಯಾಕೆ, ಬಾಡಿಗೆ ಬೇಡವೆಂದ ಆಟೋದವನು: ರಾತ್ರಿ ಒಬ್ಬರ ಹೆಸರು ಬರೆದು, ಅವರಿಗಾಗಿ ಪ್ರಾರ್ಥಿಸಿ ಮಲಗಿ. ಒಂದು ಹೆಸರು ಸಾಕು. ಯಾರೂ ನೆನಪಾಗದ ದಿನ ಪುಟ ಖಾಲಿ ಇರಲಿ.

ಖರ್ಚಿನ ವಿಷಯವನ್ನು ಮುಚ್ಚಿಡದೆ ನಿಮ್ಮ ಪಾಸ್ಟರ್ ಬಳಿ ಹೇಳಿ. ಸಭೆ ಇರುವುದೇ ಇದಕ್ಕೆ. ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.