ಮೂಕವಾದ ಗಿಟಾರ್ ಪೆಡಲ್: ದೋಷವನ್ನು ಹುಡುಕುವ ಬಗೆ

೧೯೬೧ರಲ್ಲಿ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಹಾಡು ಹೊರಬಂದಿತು. ಅದನ್ನು ನ್ಯಾಷ್‌ವಿಲ್ ನಗರದಲ್ಲಿ ಧ್ವನಿಮುದ್ರಣ ಮಾಡುವಾಗ ಉಪಕರಣದಲ್ಲಿದ್ದ ಟ್ರಾನ್ಸ್‌ಫಾರ್ಮರೊಂದು ಕೆಟ್ಟು, ಗ್ರೇಡಿ ಮಾರ್ಟಿನ್ ಅವರು ನುಡಿಸುತ್ತಿದ್ದ ಬೇಸ್ ಗಿಟಾರಿನ ನಾದವು ಒಡೆದು ಗೊರಗೊರನೆ ಕೇಳಿಸಿತು. ಧ್ವನಿತಂತ್ರಜ್ಞರಾದ ಗ್ಲೆನ್ ಸ್ನಾಡಿ ಅವರು ಆ ದೋಷವನ್ನು ಪರಿಶೀಲಿಸಿ, ಸಹೋದ್ಯೋಗಿಯೊಬ್ಬರೊಡನೆ ಸೇರಿ, ಅಂಥದೇ ನಾದವನ್ನು ಬೇಕೆಂದಾಗ ಹೊರಡಿಸಬಲ್ಲ ಟ್ರಾನ್ಸಿಸ್ಟರು ಮಂಡಲವೊಂದನ್ನು ರಚಿಸಿದರು. ೧೯೬೨ರಲ್ಲಿ ಗಿಬ್ಸನ್ ಸಂಸ್ಥೆಯು ಅದನ್ನು ‘ಮೇಸ್ಟ್ರೋ ಫಜ್-ಟೋನ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಗಿಟಾರ್ ವಾದಕರು ಕಾಲಿನಿಂದ ಒತ್ತಿ ನಾದವನ್ನು ಬದಲಿಸುವ ಇಂದಿನ ಪೆಡಲ್‌ಗಳ ಮೊದಲಿಗರಲ್ಲಿ ಅದೂ ಒಂದು.

ಕೆಟ್ಟ ಉಪಕರಣವೂ ಪ್ರಕೃತಿಯ ನಿಯಮಕ್ಕೆ ಹೊರತಾದುದಲ್ಲವೆಂಬುದು ಇದರಿಂದ ವಿದಿತವಾಗುವುದು. ಹಾಗಿರುವುದರಿಂದಲೇ ದೋಷವನ್ನು ವಿಚಾರದಿಂದ ಹುಡುಕಿ ತೆಗೆಯಲು ಸಾಧ್ಯ. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ನಮ್ಮ ಪರಿಚಯದ ವಿದ್ಯಾರ್ಥಿಯೊಬ್ಬನು ಈಚೆಗೆ ತನ್ನ ಪೆಡಲ್ ಒಂದನ್ನು ನಮ್ಮ ಬಳಿಗೆ ತಂದನು. ಅದು ೯ ವೋಲ್ಟಿನ ಬ್ಯಾಟರಿಯಿಂದ ನಡೆಯುವ, ನಾದವನ್ನು ಒಡಕುಗೊಳಿಸುವ ಬಗೆಯದು. ಪೆಡಲನ್ನು ಒತ್ತಿದರೆ ಕೆಂಪು ದೀಪವೇನೋ ಬೆಳಗುತ್ತಿತ್ತು. ನಾದ ಮಾತ್ರ ಇರಲಿಲ್ಲ. ಒಳಗಿನ ಐ.ಸಿ. ಬಿಲ್ಲೆಯೇ ಸುಟ್ಟಿರಬೇಕೆಂದು ನಿಶ್ಚಯಿಸಿ, ಅವನು ಹೊಸದೊಂದನ್ನು ಕೊಂಡೂ ತಂದಿದ್ದನು. ಅದನ್ನು ಸದ್ಯಕ್ಕೆ ಬದಿಗಿಡುವಂತೆ ನಾವು ಹೇಳಿದೆವು.

ಮೊದಲು ಪೆಡಲನ್ನು ಬಿಟ್ಟು, ಗಿಟಾರನ್ನು ನೇರವಾಗಿ ಧ್ವನಿವರ್ಧಕಕ್ಕೆ ಜೋಡಿಸಿದೆವು. ನಾದವು ಸರಿಯಾಗಿತ್ತು. ಆದುದರಿಂದ ಗಿಟಾರು, ಧ್ವನಿವರ್ಧಕ, ಆ ಒಂದು ತಂತಿ ಇವು ನಿರ್ದೋಷಿಗಳು. ಎರಡನೆಯ ತಂತಿಯನ್ನೂ ಹೀಗೆಯೇ ಪರೀಕ್ಷಿಸಿದೆವು. ‘ಪೆಡಲ್ ಕೆಟ್ಟಿದೆ’ ಎಂಬ ಎಷ್ಟೋ ದೂರುಗಳು ತಂತಿಯೊಂದನ್ನು ಬದಲಿಸಿದೊಡನೆ ಮುಗಿಯುತ್ತವೆ. ಅನಂತರ ಪೆಡಲನ್ನು ನಡುವೆ ಸೇರಿಸಿ, ಒತ್ತದೆ ನುಡಿಸಿದೆವು. ಆಗಲೂ ನಾದ ಬಂದಿತು. ಒತ್ತಿದಾಗ ಮಾತ್ರ ನಿಂತಿತು. ಎಂದ ಮೇಲೆ ಒಳಬರುವ ಮತ್ತು ಹೊರಹೋಗುವ ಎರಡು ಜ್ಯಾಕುಗಳೂ ಸರಿಯಾಗಿವೆ. ದೋಷವು ಸ್ವಿಚ್ಚಿನಲ್ಲಿ ಅಥವಾ ಅದು ಜೋಡಿಸುವ ಮಂಡಲದಲ್ಲಿ ಇರಬೇಕು. ಒಂದು ತಿರುಪನ್ನೂ ಬಿಚ್ಚದೆ ನಾವು ಇಷ್ಟನ್ನು ತಿಳಿದೆವು.

ಈಗ ಮುಚ್ಚಳವನ್ನು ತೆರೆದು, ಮಲ್ಟಿಮೀಟರನ್ನು ಕೈಗೆತ್ತಿಕೊಂಡೆವು. ಅದರ ಕಪ್ಪು ತಂತಿಯನ್ನು ಗ್ರೌಂಡಿಗೆ, ಅಂದರೆ ಇಲ್ಲಿ ಬ್ಯಾಟರಿಯ ಋಣಧ್ರುವಕ್ಕೆ, ತಾಗಿಸಿ, ಕೆಂಪು ತಂತಿಯಿಂದ ಬಿಲ್ಲೆಯ ೮ ಪಿನ್ನುಗಳಲ್ಲಿ ಕೊನೆಯದನ್ನು ಮುಟ್ಟಿದಾಗ ೮.೮ ವೋಲ್ಟು ಕಂಡಿತು. ಬಿಲ್ಲೆಗೆ ಆಹಾರವು ದೊರೆಯುತ್ತಿದೆ ಎಂದಾಯಿತು. ಹಾಗಾದರೆ ಸಂಕೇತವು ನಿಲ್ಲುವುದೆಲ್ಲಿ?

ಇದನ್ನು ಕಿವಿಯಿಂದಲೇ ಪತ್ತೆಹಚ್ಚಬಹುದು. ಗಿಟಾರಿನ ತಂತಿಯೊಂದರ ಒಳಎಳೆಗೆ ೦.೧ ಮೈಕ್ರೊಫ್ಯಾರಡಿನ ಧಾರಕವನ್ನು, ಅಂದರೆ ಕೆಪ್ಯಾಸಿಟರನ್ನು, ಬೆಸೆದು, ಹೊರಎಳೆಯನ್ನು ಪೆಡಲಿನ ಗ್ರೌಂಡಿಗೆ ಸಿಕ್ಕಿಸಿದೆವು. ಇನ್ನೊಂದು ತುದಿಯು ಧ್ವನಿವರ್ಧಕದಲ್ಲಿತ್ತು. ಧಾರಕವು ಬ್ಯಾಟರಿಯ ಏಕಮುಖ ಪ್ರವಾಹವನ್ನು ತಡೆದು, ನಾದದ ಸಂಕೇತವನ್ನು ಮಾತ್ರ ಬಿಡುವುದು. ಧ್ವನಿವರ್ಧಕದ ಶಬ್ದವನ್ನು ತಗ್ಗಿಸಿ, ವಿದ್ಯಾರ್ಥಿಯು ಗಿಟಾರನ್ನು ಮೀಟುತ್ತಿರಲು, ನಾವು ಧಾರಕದ ತುದಿಯಿಂದ ಮಂಡಲದ ಒಂದೊಂದು ಸ್ಥಳವನ್ನೂ ಮುಟ್ಟಿದೆವು.

ಇಲ್ಲಿ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೋಗುವುದಕ್ಕಿಂತ ನಡುವಿನಿಂದ ತೊಡಗುವುದು ಲೇಸು. ನಡುವೆ ನಾದ ಕೇಳಿದರೆ ದೋಷವು ಮುಂದಿನ ಅರ್ಧದಲ್ಲಿ. ಕೇಳದಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧ ಮಾಡುತ್ತ ಹೋದರೆ, ೧೬ ಭಾಗಗಳಲ್ಲಿ ಕೆಟ್ಟುದು ಯಾವುದೆಂದು ತಿಳಿಯಲು ೪ ಪರೀಕ್ಷೆಗಳು ಸಾಕು. ನಮ್ಮ ಪೆಡಲಿನಲ್ಲಿ, ಸಂಕೇತವು ಬಿಲ್ಲೆಯನ್ನು ಹೊಗುವ ೩ನೆಯ ಪಿನ್ನಿನಲ್ಲಿ ನಾದವಿತ್ತು. ಹೊರಬರುವ ೧ನೆಯ ಪಿನ್ನಿನಲ್ಲಿ ಇರಲಿಲ್ಲ.

“ನಾನು ಹೇಳಿದ್ದೇ ಸರಿಯಾಯಿತಲ್ಲ, ಸಾರ್!” ಎಂದು ವಿದ್ಯಾರ್ಥಿಯು ಹೊಸ ಬಿಲ್ಲೆಯನ್ನು ಮುಂದಿಟ್ಟನು.

ದೋಷವು ಕಾಣಿಸುವ ಸ್ಥಳವೇ ಅದು ಹುಟ್ಟಿದ ಸ್ಥಳವೆಂದು ನಂಬಲಾಗದು. ಸಂಕೇತವು ಮೇಲಕ್ಕೂ ಕೆಳಕ್ಕೂ ಓಲಾಡತಕ್ಕದ್ದು. ೯ ವೋಲ್ಟಿನ ಬ್ಯಾಟರಿ ಒಂದೇ ಇರುವಾಗ, ಎರಡು ಕಡೆಗೂ ಎಡೆ ದೊರೆಯುವಂತೆ ಬಿಲ್ಲೆಯನ್ನು ಸರಿಯಾಗಿ ನಡುವೆ, ೪.೫ ವೋಲ್ಟಿನಲ್ಲಿ, ನಿಲ್ಲಿಸಬೇಕಾಗುತ್ತದೆ. ಇದಕ್ಕಾಗಿ ೧೦,೦೦೦ ಓಮಿನ ಎರಡು ರೋಧಕಗಳನ್ನು ಒಂದರ ಮೇಲೊಂದು ಜೋಡಿಸಿ, ನಡುಬಿಂದುವನ್ನು ಸ್ಥಿರಗೊಳಿಸಲು ಅಲ್ಲಿಂದ ಗ್ರೌಂಡಿಗೆ ಒಂದು ಧಾರಕವನ್ನು ಇಟ್ಟಿರುತ್ತಾರೆ. ನಾವು ಆ ಬಿಂದುವನ್ನು ಅಳೆದೆವು. ವೋಲ್ಟೇಜು ಸೊನ್ನೆಗೆ ಹತ್ತಿರವಾಗಿತ್ತು! ತಕ್ಕಡಿಯ ದಂಡವನ್ನು ಒಂದು ಕಡೆಗೆ ಒತ್ತಿ ಹಿಡಿದರೆ ತೂಕವು ತಿಳಿಯುವುದೆಂತು? ಬಿಲ್ಲೆಯ ಪಾಡೂ ಅದೇ ಆಗಿತ್ತು.

ಇದಕ್ಕೆ ಎರಡು ಕಾರಣಗಳಿರಬಹುದು: ಮೇಲಿನ ರೋಧಕವು ಕಡಿದಿರಬೇಕು, ಇಲ್ಲವೇ ಧಾರಕವು ಒಳಗೇ ಕೂಡಿಕೊಂಡಿರಬೇಕು. ಇವೆರಡನ್ನೂ ಬೇರ್ಪಡಿಸಿ ತೋರುವ ಪರೀಕ್ಷೆ ಯಾವುದು? ಬ್ಯಾಟರಿಯನ್ನು ತೆಗೆದು, ನಡುಬಿಂದುವಿಗೂ ಗ್ರೌಂಡಿಗೂ ನಡುವಣ ರೋಧವನ್ನು ಅಳೆಯುವುದು. ರೋಧಕವು ಕಡಿದಿದ್ದರೆ ಸಾವಿರಾರು ಓಮುಗಳು ಕಾಣಬೇಕು. ಧಾರಕವು ಕೆಟ್ಟಿದ್ದರೆ ಕೆಲವೇ ಓಮುಗಳು. ಮೀಟರು ೩ ಓಮುಗಳನ್ನು ತೋರಿಸಿತು. ಧಾರಕವನ್ನು ಬಿಡಿಸಿದೊಡನೆ ನಡುಬಿಂದುವು ೪.೪ ವೋಲ್ಟಿಗೆ ಏರಿತು. ಧನ-ಋಣ ತುದಿಗಳನ್ನು ಗಮನಿಸಿ ಹೊಸ ಧಾರಕವನ್ನು ಬೆಸೆದೆವು. ಪೆಡಲ್ ಮತ್ತೆ ಹಾಡಿತು.

ವಿದ್ಯಾರ್ಥಿಯು ತಂದ ಹೊಸ ಬಿಲ್ಲೆಯನ್ನು ಹಾಕಿದ್ದರೆ ಅದೂ ಮೂಕವಾಗಿಯೇ ಇರುತ್ತಿತ್ತು. ಆಗ ಅವನು ಅದನ್ನೂ ಕೆಟ್ಟುದೆಂದು ಭಾವಿಸಿ ಮತ್ತೊಂದನ್ನು ಕೊಳ್ಳುತ್ತಿದ್ದನೋ ಏನೋ! ಬೆಸುಗೆ ಬಿಡಿಸುವಾಗ ಫಲಕದ ತಾಮ್ರದ ಗೆರೆಗಳು ಕಿತ್ತುಬಂದು, ಇಲ್ಲದ ದೋಷಗಳೂ ಸೇರಿಕೊಳ್ಳಬಹುದಾಗಿತ್ತು.

ಒಂದು ಎಚ್ಚರಿಕೆಯ ಮಾತು ಅವಶ್ಯ. ೯ ವೋಲ್ಟಿನ ಪೆಡಲನ್ನು ಬಿಚ್ಚಿ ಕಲಿಯುವುದರಲ್ಲಿ ಅಪಾಯವಿಲ್ಲ. ಆದರೆ ಪರೀಕ್ಷೆಯ ಕಾಲದಲ್ಲಿ ಬ್ಯಾಟರಿಯನ್ನೇ ಬಳಸಬೇಕು. ಮನೆಯ ವಿದ್ಯುತ್ತಿನಿಂದ ನಡೆಯುವ ಧ್ವನಿವರ್ಧಕವನ್ನು ತೆರೆಯಲೇ ಕೂಡದು. ವಾಲ್ವುಗಳುಳ್ಳ ಧ್ವನಿವರ್ಧಕದ ಧಾರಕಗಳಲ್ಲಿ, ಪ್ಲಗ್ಗನ್ನು ಕಿತ್ತ ಮೇಲೂ, ಪ್ರಾಣಾಪಾಯಕರವಾದ ನೂರಾರು ವೋಲ್ಟುಗಳು ಉಳಿದಿರಬಹುದು.

ವಿದ್ಯಾರ್ಥಿಯು ಹೊರಡುವಾಗ, ತಾನು ತಂದಿದ್ದ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ಕೆಟ್ಟ ಧಾರಕವನ್ನು ತನಗೇ ಕೊಡಬೇಕೆಂದು ಕೇಳಿದನು. ನಾವು ಸಂತೋಷದಿಂದ ಕೊಟ್ಟೆವು. ಅಂದಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇರಲಿಲ್ಲ.