ಮರೆಯಲ್ಲಿ ಕೂತ ಬಿಲ್ಲುಗಾರ ಮತ್ತು ಜಿಂಕೆಯ ಕಣ್ಣು

ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರಬಹುದಾದ ಒಂದು ದೃಶ್ಯದಿಂದ ಈ ಪಾಠವನ್ನು ಆರಂಭಿಸೋಣ. ಅಮೆರಿಕದ ಯಾವುದೋ ಜೋಳದ ಹೊಲದ ಅಂಚು. ಒಬ್ಬ ಬೆನ್ನಿಗೆ ಹಾಕಿಕೊಂಡು ಬಂದ ಚೀಲದಿಂದ ಮಡಚಿದ ಡೇರೆಯನ್ನು ತೆಗೆದು, ಕೊಡೆ ಬಿಡಿಸಿದಂತೆ ಬಿಡಿಸಿ ನೆಲದ ಮೇಲೆ ನಿಲ್ಲಿಸುತ್ತಾನೆ. ಒಳಗೆ ಒಂದು ಸಣ್ಣ ಕುರ್ಚಿ, ಕೈಯಲ್ಲಿ ಬಿಲ್ಲು. ಗಂಟೆಗಟ್ಟಲೆ ಕಾದ ಮೇಲೆ ಜಿಂಕೆ ಬರುತ್ತದೆ, ಬಾಣ ಹೋಗುತ್ತದೆ. ಇದನ್ನು ನೋಡಿದವರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ನಮ್ಮ ಘಟ್ಟದ ಬುಡದಲ್ಲಿ ಹೀಗೆ ಮಾಡಬಹುದೇ? ಬಿಸ್ಮಿ ಹೇಳಿ ಬಾಣ ಬಿಟ್ಟರೆ ಹಲಾಲ್ ಅಲ್ಲವೇ?

ಮೊದಲನೆಯದಕ್ಕೆ ಉತ್ತರ ಚಿಕ್ಕದು: ಮಾಡುವಂತಿಲ್ಲ, ಜೈಲು ಇದೆ. ಎರಡನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಆದರೆ ಎರಡಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಮನುಷ್ಯ ಅಷ್ಟು ಕಷ್ಟಪಟ್ಟು ಅಡಗಿಕೊಳ್ಳುವುದು ಏಕೆ? ಉತ್ತರ ನಿಮ್ಮ ಜೀವಶಾಸ್ತ್ರ ಮತ್ತು ಭೌತಶಾಸ್ತ್ರದ ಪುಸ್ತಕಗಳಲ್ಲೇ ಇದೆ.

ಕಣ್ಣಿನಿಂದ ಶುರು ಮಾಡೋಣ. ಮನುಷ್ಯನ ಅಕ್ಷಿಪಟದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಜಿಂಕೆಯಲ್ಲಿ ಎರಡೇ ಬಗೆ: ಒಂದು ನೀಲಿಗೆ, ಇನ್ನೊಂದು ಹಸಿರಿಗೆ. ಕೆಂಪು ಮತ್ತು ಕಿತ್ತಳೆಯನ್ನು ಹಸಿರಿನಿಂದ ಬೇರ್ಪಡಿಸಿ ನೋಡುವ ಸಾಮರ್ಥ್ಯ ಅದಕ್ಕಿಲ್ಲ. ಇದನ್ನು ಅಳೆದು ನೋಡಿದ್ದು ಅಮೆರಿಕದ ಬಿಳಿಬಾಲದ ಜಿಂಕೆಯ ಮೇಲೆ. ನಮ್ಮ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಎಲ್ಲವೂ ಅದೇ ಕುಟುಂಬದವು. ಹುಲಿಯ ಮೈ ಕಿತ್ತಳೆ ಬಣ್ಣದ್ದಾದರೂ ಹಸಿರು ಕಾಡಿನಲ್ಲಿ ಅದಕ್ಕೆ ಬೇಟೆ ಹೇಗೆ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲಿದೆ. ನಮಗೆ ಎದ್ದು ಕಾಣುವ ಹುಲಿ ಜಿಂಕೆಗೆ ಒಣಹುಲ್ಲಿನ ಜೊತೆ ಬೆರೆತ ಪಟ್ಟೆಯಂತೆ ಕಾಣುತ್ತದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕೋವಿ ಬೇಟೆಯ ಕಾಲದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಡುವುದು ಕಡ್ಡಾಯ. ಇನ್ನೊಬ್ಬ ಬೇಟೆಗಾರನಿಗೆ ಅದು ಕಾಣುತ್ತದೆ, ಜಿಂಕೆಗೆ ಅಷ್ಟಾಗಿ ಕಾಣುವುದಿಲ್ಲ.

ಆದರೆ ಜಿಂಕೆ ನಮಗಿಂತ ಚೆನ್ನಾಗಿ ನೋಡುವುದೂ ಇದೆ. ನಮ್ಮ ಕಣ್ಣಿನ ಮಸೂರ ನೇರಳಾತೀತ ಬೆಳಕನ್ನು ತಡೆಯುತ್ತದೆ, ಜಿಂಕೆಯ ಮಸೂರ ಅಷ್ಟು ತಡೆಯುವುದಿಲ್ಲ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಸೋಪಿನ ಪುಡಿಯಲ್ಲಿ ಹಾಕುವ ರಾಸಾಯನಿಕ ನೇರಳಾತೀತವನ್ನು ಹೀರಿ ನೀಲಿಯಾಗಿ ಹೊರಸೂಸುತ್ತದೆ. ಹಾಗಾಗಿ ಸಂಜೆ ಮಬ್ಬಿನಲ್ಲಿ ಜಿಂಕೆಗೆ ಆ ಅಂಗಿ ಮಿನುಗುತ್ತದೆ. ಅದರ ಅಕ್ಷಿಪಟದ ಹಿಂದೆ ಕನ್ನಡಿಯಂತಹ ಪದರವೊಂದು ಇರುವುದರಿಂದ ಒಳಹೊಕ್ಕ ಬೆಳಕು ಎರಡು ಸಲ ಕೆಲಸಕ್ಕೆ ಬರುತ್ತದೆ. ರಾತ್ರಿ ಟಾರ್ಚಿಗೆ ಕಣ್ಣು ಹೊಳೆಯುವುದು ಅದರಿಂದಲೇ. ತಲೆಯ ಎರಡು ಬದಿಯಲ್ಲಿ ಕಣ್ಣುಗಳಿರುವುದರಿಂದ ಕತ್ತು ತಿರುಗಿಸದೆ ಸುಮಾರು 300 ಡಿಗ್ರಿಯಷ್ಟು ನೋಡಬಲ್ಲದು. ಅಲುಗಾಡದ ಮನುಷ್ಯನನ್ನು ಅದು ಗುರುತಿಸದೇ ಹೋಗಬಹುದು, ಮೊಣಕೈ ಎತ್ತಿದರೆ ಸಾಕು, ತಿಳಿದುಬಿಡುತ್ತದೆ. ಬಿಲ್ಲುಗಾರನ ತೊಂದರೆ ಇರುವುದೇ ಅಲ್ಲಿ. ಕೋವಿ ಹಿಡಿದವನು ಬೆರಳು ಮಾತ್ರ ಅಲುಗಿಸಿದರೆ ಸಾಕು. ಬಿಲ್ಲಿನವನು ತೋಳು, ಭುಜ, ಬೆನ್ನು ಎಲ್ಲವನ್ನೂ ಬಳಸಿ ಹೆದೆ ಎಳೆಯಬೇಕು.

ಡೇರೆ ಬೇಕಾಗುವುದು ಆ ಚಲನೆಯನ್ನು ಮುಚ್ಚಿಡಲು. ಅದರ ಒಳಬದಿ ಕಪ್ಪು, ಒಳಗೆ ಕೂತವನ ಬಟ್ಟೆಯೂ ಕಪ್ಪು. ಎದುರುಬದುರು ಕಿಟಕಿಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ತೆರೆದರೆ ಹಿಂದಿನ ಬೆಳಕಿಗೆ ಒಳಗಿನವನ ನೆರಳು ಕಾಣುತ್ತದೆ. ನೆಲದ ಒಣ ಎಲೆಗಳನ್ನು ಗುಡಿಸಿ ಮಣ್ಣು ಕಾಣುವಂತೆ ಮಾಡಬೇಕು, ಇಲ್ಲದಿದ್ದರೆ ಕಾಲು ಸರಿಸಿದಾಗಲೆಲ್ಲ ಸದ್ದು. ಡೇರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿ, ಸುತ್ತಲ ಗಿಡದ ಕೊಂಬೆಗಳನ್ನು ಸಿಕ್ಕಿಸಿ ಬಿಡುತ್ತಾರೆ. ನಿನ್ನೆ ಇಲ್ಲದ ವಸ್ತು ಇಂದು ಇದ್ದರೆ ಜಿಂಕೆ ಅದನ್ನು ನಂಬುವುದಿಲ್ಲ. ಇಷ್ಟೆಲ್ಲ ಮಾಡಿದರೂ ಮೂಗನ್ನು ಮೋಸಗೊಳಿಸಲು ಆಗದು. ಗಾಳಿ ಮನುಷ್ಯನ ಕಡೆಯಿಂದ ಜಿಂಕೆಯ ಕಡೆಗೆ ಬೀಸಿದರೆ ಅವತ್ತಿನ ಕೆಲಸ ಮುಗಿಯಿತು.

ಈಗ ಭೌತಶಾಸ್ತ್ರ. ಪುಲ್ಲಿಗಳಿರುವ ಈಗಿನ ಬಿಲ್ಲಿನಿಂದ (ಅಮೆರಿಕದ ಹೋಲ್ಲಿಸ್ ವಿಲ್ಬರ್ ಅಲೆನ್ ಇದಕ್ಕೆ 1969ರಲ್ಲಿ ಪೇಟೆಂಟ್ ಪಡೆದರು) ಹೊರಡುವ ಬಾಣದ ವೇಗ ಸೆಕೆಂಡಿಗೆ 85 ಮೀಟರ್, ತೂಕ 26 ಗ್ರಾಂ ಎಂದು ಇಟ್ಟುಕೊಳ್ಳೋಣ. ಚಲನಶಕ್ತಿ ಲೆಕ್ಕ ಹಾಕಿದರೆ ಸುಮಾರು 94 ಜೂಲ್. ದೊಡ್ಡ ಪ್ರಾಣಿಯ ಬೇಟೆಗೆ ಬಳಸುವ ರೈಫಲಿನ ಗುಂಡಿನಲ್ಲಿ 3000 ಜೂಲ್‌ಗೂ ಹೆಚ್ಚು ಇರುತ್ತದೆ. ಅಂದರೆ ಬಾಣ ಹೊಡೆತದಿಂದ ಕೊಲ್ಲುವುದಿಲ್ಲ, ಕೊಯ್ದು ಕೊಲ್ಲುತ್ತದೆ. ಹರಿತವಾದ ಮೊನೆ ಶ್ವಾಸಕೋಶವನ್ನೋ ಹೃದಯವನ್ನೋ ಸೀಳಿದರೆ ಪ್ರಾಣಿ ಬೇಗ ಸಾಯುತ್ತದೆ. ಹೊಟ್ಟೆಗೋ ತೊಡೆಗೋ ತಾಗಿದರೆ ಬಾಣ ಹೊತ್ತುಕೊಂಡೇ ಓಡಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ.

ಹೆದೆ ಬಿಟ್ಟ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯನ್ನು ಮುಟ್ಟುತ್ತದೆ. 20 ಮೀಟರ್ ದೂರವಾದರೆ ಸದ್ದಿಗೆ 0.06 ಸೆಕೆಂಡ್, ಬಾಣಕ್ಕೆ 0.24 ಸೆಕೆಂಡ್ ಬೇಕು. ನಡುವೆ ಉಳಿಯುವುದು ಸುಮಾರು 0.18. ಜಿಂಕೆ ಬೆಚ್ಚಿ ಪ್ರತಿಕ್ರಿಯಿಸಲು 0.1 ಸೆಕೆಂಡ್ ತೆಗೆದುಕೊಂಡಿತು ಎನ್ನಿ. ಓಡಲು ಅದು ಮೊದಲು ಕಾಲು ಮಡಚಿ ಮೈಯನ್ನು ಕೆಳಗಿಳಿಸುತ್ತದೆ. ಸ್ವತಂತ್ರ ಪತನದ ಸೂತ್ರ ಹಾಕಿದರೆ ಉಳಿದ 0.08 ಸೆಕೆಂಡಿನಲ್ಲಿ ಇಳಿಯುವುದು 3 ಸೆಂಟಿಮೀಟರ್. ಬಾಣ ಇಟ್ಟ ಗುರಿಗೇ ಬೀಳುತ್ತದೆ. ಈಗ ದೂರವನ್ನು 40 ಮೀಟರ್ ಮಾಡಿ ಅದೇ ಲೆಕ್ಕ ಹಾಕಿ. ಜಿಂಕೆಗೆ ಸಿಗುವ ಸಮಯ 0.25 ಸೆಕೆಂಡ್, ಇಳಿಯುವುದು 31 ಸೆಂಟಿಮೀಟರ್. ದೂರ ಎರಡು ಪಟ್ಟು, ತಪ್ಪು ಹತ್ತು ಪಟ್ಟು! ಗುರಿಯಿಟ್ಟದ್ದು ಎದೆಗೆ, ತಾಗುವುದು ಬೆನ್ನಿಗೆ. ಇದು ಸರಳಗೊಳಿಸಿದ ಲೆಕ್ಕ, ನಿಜ. ಆದರೂ ಪಳಗಿದ ಬಿಲ್ಲುಗಾರರು 20, 25 ಮೀಟರ್ ದಾಟಿದರೆ ಬಾಣ ಬಿಡಲು ಹಿಂಜರಿಯುವುದು ಏಕೆಂದು ಇದರಿಂದ ತಿಳಿಯುತ್ತದೆ. ಅಡಗಿ ಕೂರುವುದೇ ಹತ್ತಿರವಾಗುವುದಕ್ಕೆ, ಹತ್ತಿರವಾಗುವುದು ಪ್ರಾಣಿ ನರಳದಿರುವುದಕ್ಕೆ. ವಿಡಿಯೊ ನೋಡಿ ಆನ್‌ಲೈನಿನಲ್ಲಿ ಬಿಲ್ಲು ತರಿಸಿಕೊಂಡವನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಕಾದು ಕೂತು ಬೇಟೆಯಾಡುವುದು ನಮ್ಮ ನಾಡಿಗೆ ಹೊಸತೇನಲ್ಲ. ತುಳುವಿನಲ್ಲಿ ಬೋಂಟೆ, ಹಳಗನ್ನಡದಲ್ಲಿ ಬೇಂಟೆ. ಕಾಡುಪ್ರಾಣಿ ಬರುವ ದಾರಿಯಲ್ಲಿ ಅವಿತು ಕೂರುವುದಕ್ಕೆ ಮಲೆನಾಡಿನವರು ಮರಸು ಎನ್ನುತ್ತಿದ್ದರು. ಬೇರೆ ಜಿಂಕೆಗಳನ್ನು ಹತ್ತಿರಕ್ಕೆ ಸೆಳೆಯಲು ಬಿಡುವ ಪಳಗಿಸಿದ ಜಿಂಕೆಗೆ ಹಳಗನ್ನಡದಲ್ಲಿ ದೀವ ಎಂಬ ಹೆಸರೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಜಿಂಕೆ ಬೇಟೆಯ ಬಗೆಗಳಿಗೂ ಜಾಗ ಸಿಕ್ಕಿದೆ. ಆದರೆ ನಮ್ಮವರು ಹೆಚ್ಚಾಗಿ ಮರದ ಮೇಲೆ ಅಟ್ಟಣೆ ಕಟ್ಟುತ್ತಿದ್ದರು. ಆನೆ, ಹುಲಿ, ಕರಡಿ ಓಡಾಡುವ ಕಾಡಿನಲ್ಲಿ ಬಟ್ಟೆಯ ಡೇರೆಯೊಳಗೆ ನೆಲದ ಮೇಲೆ ಕೂರುವ ಬುದ್ಧಿ ಯಾರಿಗೂ ಬಂದಿರಲಾರದು.

ಇನ್ನು ಹಲಾಲ್ ಪ್ರಶ್ನೆ. ಬೇಟೆಯ ಮಾಂಸದ ಬಗ್ಗೆ ಇಸ್ಲಾಮಿನಲ್ಲಿ ವಿವರವಾದ ನಿಯಮಗಳಿವೆ. ಸೂರಃ ಅಲ್ ಮಾಇದಃದ ಆರಂಭದಲ್ಲೇ ಪೆಟ್ಟು ತಿಂದು ಸತ್ತ ಪ್ರಾಣಿಯನ್ನು ನಿಷಿದ್ಧಗಳ ಪಟ್ಟಿಯಲ್ಲಿ ಹೇಳಲಾಗಿದೆ. ಅದೀ ಬಿನ್ ಹಾತಿಮ್(ರ) ಪ್ರವಾದಿ(ಸ)ಯವರಲ್ಲಿ ಈ ಕುರಿತೇ ವಿಚಾರಿಸಿದ ಹದೀಸ್ ಪ್ರಸಿದ್ಧ. ಎಸೆದ ಆಯುಧ ಹರಿತವಾದ ಕಡೆಯಿಂದ ತಾಗಿ ಸೀಳಿದರೆ ತಿನ್ನಬಹುದು, ಅಡ್ಡಲಾಗಿ ಬಡಿದು ಕೊಂದರೆ ಕೂಡದು. ಬಾಣ ತಾಗಿದ ಪ್ರಾಣಿ ನೀರಿಗೆ ಬಿದ್ದು ಸತ್ತಿದ್ದರೆ ತಿನ್ನಬಾರದು, ಕೊಂದದ್ದು ಬಾಣವೋ ನೀರೋ ತಿಳಿಯದು. ಸಿಕ್ಕಾಗ ಜೀವವಿದ್ದರೆ ಝಬಹ್ ಮಾಡಲೇಬೇಕು. ಮೇಲೆ ಹೇಳಿದ ಕೊಯ್ತ ಮತ್ತು ಹೊಡೆತದ ವ್ಯತ್ಯಾಸವೇ ಇಲ್ಲಿಯೂ ಇರುವುದನ್ನು ಗಮನಿಸಿ. ಜೀವವಿರುವ ಯಾವುದನ್ನೂ ಬಾಣದ ಅಭ್ಯಾಸಕ್ಕೆ ಗುರಿಯಾಗಿ ಇಡುವುದನ್ನು ಪ್ರವಾದಿ(ಸ) ಕಠಿಣವಾಗಿ ನಿಷೇಧಿಸಿದ್ದಾರೆ.

ಆದರೆ ಮಾಂಸ ಹಲಾಲ್ ಆಗುವ ಬಗೆ ಬೇರೆ, ಬೇಟೆಗೆ ಅನುಮತಿ ಇದೆಯೇ ಎಂಬುದು ಬೇರೆ. ಇಹ್ರಾಮ್‌ನಲ್ಲಿರುವವರಿಗೆ ನೆಲದ ಬೇಟೆ ನಿಷಿದ್ಧ. ಕೈಗೂ ಈಟಿಗೂ ಎಟಕುವಷ್ಟು ಹತ್ತಿರ ಬೇಟೆಯನ್ನು ತಂದು ಪರೀಕ್ಷಿಸಲಾಗುವುದು ಎಂಬರ್ಥದ ವಚನ ಅದೇ ಸೂರಃದಲ್ಲಿದೆ (5:94). ಮಕ್ಕಾ ಮತ್ತು ಮದೀನಾದ ಹರಮ್ ಪ್ರದೇಶದಲ್ಲಿ ಯಾರೂ ಯಾವಾಗಲೂ ಬೇಟೆಯಾಡುವಂತಿಲ್ಲ, ಮಕ್ಕಾದ ಹರಮ್‌ನಲ್ಲಿ ಪ್ರಾಣಿಯನ್ನು ಬೆದರಿಸಿ ಓಡಿಸುವುದಕ್ಕೂ ತಡೆಯಿದೆ. ಇಹ್ರಾಮ್‌ನಲ್ಲಿದ್ದ ಸಂಗಡಿಗರ ನಡುವೆ ಇಹ್ರಾಮ್ ಧರಿಸದ ಅಬೂ ಖತಾದ(ರ) ಕಾಡುಕತ್ತೆಯೊಂದನ್ನು ಬೇಟೆಯಾಡಿದಾಗ, ನಿಮ್ಮಲ್ಲಿ ಯಾರಾದರೂ ಅದನ್ನು ತೋರಿಸಿಕೊಟ್ಟಿರಾ, ನೆರವಾದಿರಾ ಎಂದು ಪ್ರವಾದಿ(ಸ) ವಿಚಾರಿಸಿದ್ದರು. ಇಲ್ಲವೆಂದ ಮೇಲೆಯೇ ಅವರಿಗೆ ತಿನ್ನಲು ಅನುಮತಿ ಸಿಕ್ಕಿತು.

ನಮ್ಮ ದೇಶದ ಕಾನೂನು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳಿಡುವುದು, ಆಮಿಷ ಇಡುವುದು, ಅಟ್ಟುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಕುಮ್ಮಕ್ಕು ಕೊಟ್ಟವನೂ ಅಪರಾಧಿ. ಟಾರ್ಚ್ ಹಿಡಿದ ಗೆಳೆಯ, ಬೈಕ್ ಕೊಟ್ಟ ಗೆಳೆಯ ಎಲ್ಲರೂ ಇದರೊಳಗೆ ಬರಬಹುದು. ಮೊದಲು ಕೆಲವು ಪ್ರಾಣಿಗಳಿಗೆ ಪರವಾನಗಿ ಬೇಟೆ ಇತ್ತು, 1991ರ ತಿದ್ದುಪಡಿ ಅದನ್ನೂ ನಿಲ್ಲಿಸಿತು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಪ್ರಕರಣಗಳಲ್ಲೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಕನಿಷ್ಠ 3, ಗರಿಷ್ಠ 7 ವರ್ಷ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ನಮಗೆ ದೂರವೇನೂ ಇಲ್ಲ. ಕೋವಿ ಇದ್ದರೆ ತಪ್ಪು, ಬಿಲ್ಲಾದರೆ ಪರವಾಗಿಲ್ಲ ಎಂಬ ಮಾತು ಶುದ್ಧ ಸುಳ್ಳು.

ಅಮೆರಿಕದಲ್ಲಿ ಸರಿಯಾದದ್ದು ಇಲ್ಲಿ ಏಕೆ ತಪ್ಪು? 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಬಿಳಿಬಾಲದ ಜಿಂಕೆಗಳು ಅಂದಾಜು 5 ಲಕ್ಷಕ್ಕೆ ಇಳಿದಿದ್ದವು. ಬೇಟೆಗೆ ಋತು, ಪರವಾನಗಿ, ಮಿತಿ ಬಂದವು. ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಋತುವನ್ನು ಆರಂಭಿಸಿತು. 1937ರ ಕಾನೂನಿನಂತೆ ಕೋವಿ, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೆ ಹೋಗತೊಡಗಿತು, ಮುಂದೆ ಬಿಲ್ಲುಬಾಣಗಳೂ ಅದರಡಿ ಬಂದವು. ಈಗ ಜಿಂಕೆಗಳು ಸುಮಾರು 3 ಕೋಟಿ. ತೋಳ ಮತ್ತು ಪೂಮಾಗಳನ್ನು ಹೆಚ್ಚಿನ ಭಾಗಗಳಲ್ಲಿ ಮನುಷ್ಯನೇ ಅಳಿಸಿಹಾಕಿದ್ದರಿಂದ ಅವುಗಳ ಕೆಲಸವನ್ನು ಮನುಷ್ಯನೇ ಮಾಡಬೇಕಾಗಿದೆ.

ನಮ್ಮ ಘಟ್ಟದಲ್ಲಿ ಆ ಕೆಲಸಗಾರರು ಇನ್ನೂ ಬದುಕಿದ್ದಾರೆ. ದಕ್ಷಿಣ ಕನ್ನಡದವರೇ ಆದ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳ ಜೊತೆಗೆ ಜಿಂಕೆ, ಕಡವೆ, ಕಾಟಿಗಳನ್ನೂ ಎಣಿಸಿದರು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಜಿಂಕೆ ಇಲ್ಲದ ಕಾಡಿನಲ್ಲಿ ಹುಲಿ ಉಳಿಯದು. ಚಿರತೆ, ಕಾಡುನಾಯಿಗಳ ಪಾಲೂ ಇದೆ. ಇದರಲ್ಲಿ ನಮಗೆಂದು ಉಳಿದ ಪಾಲು ಇಲ್ಲ.

ಮರೆಯಲ್ಲಿ ಕೂರುವ ವಿದ್ಯೆಗೆ ಮಾತ್ರ ಯಾವ ನಿಷೇಧವೂ ಇಲ್ಲ. ಕಾಡಿನೊಳಕ್ಕೆ ಅನುಮತಿಯಿಲ್ಲದೆ ಹೋಗಬೇಡಿ, ಅದರ ಅಗತ್ಯವೂ ಇಲ್ಲ. ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋದವರಿಗೆ ಸುಮ್ಮನೆ ನಿಂತರೆ ಎಷ್ಟು ಕಾಣುತ್ತದೆ ಎಂಬುದು ಗೊತ್ತು. ಮನೆಯ ಅಡಿಕೆ ತೋಟದ ಅಂಚಿನಲ್ಲಿ, ಮನೆಯವರಿಗೆ ಹೇಳಿ, ಹಳೆಯ ಕಪ್ಪು ಬಟ್ಟೆಯಿಂದ ಮೂರು ಕಡೆ ಮರೆ ಕಟ್ಟಿ. ಎರಡು ದಿನ ಹಾಗೆಯೇ ಬಿಡಿ. ಮೂರನೆಯ ದಿನ ಸುಬಹ್ ನಮಾಝಿನ ನಂತರ ಹೋಗಿ, ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ ಕೂತು, ಬಂದುಹೋಗುವ ಹಕ್ಕಿ, ಅಳಿಲು, ಮುಂಗುಸಿಗಳನ್ನು ಸಮಯ ಸಹಿತ ಬರೆದುಕೊಳ್ಳಿ. ಒಂದು ದಿನ ನೀಲಿ ಅಂಗಿ, ಇನ್ನೊಂದು ದಿನ ಕಂದು ಅಂಗಿ ಹಾಕಿ ಪಟ್ಟಿಗಳನ್ನು ಹೋಲಿಸಿ. ಆದರೆ ಹಕ್ಕಿಗಳಿಗೆ ನಮಗಿಂತ ಒಂದು ಬಗೆ ಹೆಚ್ಚಿನ ಕೋನ್ ಕೋಶ ಇದೆ ಎಂಬುದು ನೆನಪಿರಲಿ, ಅವುಗಳ ಲೆಕ್ಕ ಬೇರೆಯೇ ಬರುತ್ತದೆ. ಗಾಳಿಯ ದಿಕ್ಕು ನೋಡಲು ಚಿಟಿಕೆ ಪೌಡರ್ ಸಾಕು. ಪರಿಮಳದ ಪೌಡರ್ ಬೇಡ, ಅಕ್ಕಿ ಹಿಟ್ಟು ಒಯ್ಯಿರಿ.