ಹಳೆಯ ಪ್ಲೇಯರು ಮೆನುವನ್ನೇಕೆ ತೋರಿಸದು?

ಹುಬ್ಬಳ್ಳಿಯ ಅಂಚಿನಲ್ಲಿರುವ ಗಬ್ಬೂರಿನ ಕೂಡುರಸ್ತೆಯನ್ನು ಬಲ್ಲವರು ಅನೇಕರು. ಬೆಂಗಳೂರಿನ ಕಡೆಯಿಂದ ಬಂದ ಹೆದ್ದಾರಿಯು ಇಲ್ಲಿ ಕವಲೊಡೆಯುತ್ತದೆ. ಒಂದು ಊರೊಳಕ್ಕೆ, ಇನ್ನೊಂದು ನರೇಂದ್ರದತ್ತ ಸಾಗುವ ಬೈಪಾಸಿಗೆ. ಅಲ್ಲಿಯ ದಾರಿಫಲಕದ ಅಕ್ಷರಗಳು ಮಳೆಬಿಸಿಲಿಗೆ ಮಾಸಿಹೋದುವೆಂದು ಭಾವಿಸೋಣ. ರಸ್ತೆಗಳೆರಡೂ ನೆಟ್ಟಗಿದ್ದರೂ ಹೊಸಬನು ದಿಕ್ಕುಗಾಣದೆ ನಿಲ್ಲುವನು. ಅಕ್ಷರಗಳು ಸ್ಪಷ್ಟವಾಗಿದ್ದು ಬಾಣದ ಗುರುತು ಮಾತ್ರ ತಪ್ಪು ದಿಕ್ಕಿಗೆ ತಿರುಗಿದ್ದರೆ ಆಗಲೂ ಪ್ರಯಾಣ ಕೆಡುವುದು. ಪರಿಣಾಮ ಒಂದೇ, ಕಾರಣಗಳು ಮಾತ್ರ ಬೇರೆ ಬೇರೆ. ಮನೆಯಲ್ಲಿ ಬರೆದ ಡಿವಿಡಿಯ ಮೆನುವು ಹಳೆಯ ಪ್ಲೇಯರಿನಲ್ಲಿ ಕೆಡುವ ಬಗೆಯೂ ಇಂಥದೇ.

ಗಬ್ಬೂರಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಈಚೆಗೆ ಅಂಥ ಒಂದು ತಟ್ಟೆಯನ್ನು ನನ್ನಲ್ಲಿಗೆ ತಂದರು. 2007ರಲ್ಲಿ ನಡೆದ ಮದುವೆಯ ಚಿತ್ರಗಳು ಅದರಲ್ಲಿದ್ದುವು. ಅವರ ತಂದೆಯವರು ವಧೂವರರನ್ನು ಹರಸಿ ಮಾತನಾಡಿದ ದೃಶ್ಯ ಅದರ ಎರಡನೆಯ ಭಾಗದಲ್ಲಿತ್ತು. ಆ ಹಿರಿಯ ಜೀವ ಈಗಿಲ್ಲ, ಅವರ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ. ಗಣಕಯಂತ್ರದಲ್ಲಿ ತಟ್ಟೆ ಚೆನ್ನಾಗಿ ನಡೆಯುತ್ತಿತ್ತು. ಆದರೆ ಮನೆಮಂದಿಯೆಲ್ಲ ಕುಳಿತು ನೋಡುವ ಟೆಲಿವಿಷನ್ನಿಗೆ ಜೋಡಿಸಿದ್ದ ಹಳೆಯ ಪ್ಲೇಯರು, ತನ್ನೊಳಗೆ ತಟ್ಟೆಯೇ ಇಲ್ಲವೆಂದು ಹೇಳುತ್ತಿತ್ತು. ಇದಕ್ಕೆ ಕಾರಣವೇನು?

ಮೊದಲು ಬೆಳಕಿನ ವಿಚಾರವನ್ನು ನೋಡೋಣ. ಡಿವಿಡಿಯಲ್ಲಿ ಮಾಹಿತಿಯು ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿಯ ಮೇಲಿರುತ್ತದೆ. ಅಕ್ಕಪಕ್ಕದ ಸುತ್ತುಗಳ ನಡುವಣ ಅಂತರ 0.74 ಮೈಕ್ರೊಮೀಟರ್, ಒಂದು ತಲೆಗೂದಲಿನ ಅಗಲದಲ್ಲಿ ಸುಮಾರು ನೂರು ಸುತ್ತುಗಳು ಅಡಗಬಲ್ಲುವು. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಕಿರಣವು ಅದರ ಮೇಲೆ ಬಿದ್ದು ಪ್ರತಿಫಲಿಸುತ್ತದೆ. ಪ್ರತಿಫಲಿತ ಬೆಳಕಿನ ಏರಿಳಿತವನ್ನೇ ಯಂತ್ರವು ಓದುವುದು. ಅಂಗಡಿಯಲ್ಲಿ ದೊರೆಯುವ ಚಲನಚಿತ್ರದ ತಟ್ಟೆಯಲ್ಲಿ ಈ ಏರಿಳಿತಕ್ಕೆ ಕಾರಣ, ಅಚ್ಚಿನಿಂದ ಒತ್ತಿದ ಸೂಕ್ಷ್ಮ ಕುಳಿಗಳು. ಮನೆಯಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ ತಟ್ಟೆಯಲ್ಲಿ ಬಣ್ಣದ ಪದರವೊಂದಿದ್ದು, ಲೇಸರಿನ ಕಾವಿಗೆ ಅದರ ಗುಣ ಅಲ್ಲಲ್ಲಿ ಬದಲಾಗಿರುತ್ತದೆ. ಅಳಿಸಿ ಬರೆಯಬಹುದಾದ ತಟ್ಟೆಯಲ್ಲಿ ಮಿಶ್ರಲೋಹದ ಪದರವೊಂದು ಸ್ಫಟಿಕಸ್ಥಿತಿ, ಅಸ್ಫಟಿಕಸ್ಥಿತಿಗಳ ನಡುವೆ ಬದಲಾಗುತ್ತದೆ.

ವ್ಯತ್ಯಾಸ ಇಲ್ಲಿಯೇ ಇದೆ. ಒಂದು ಪದರದ ಅಚ್ಚಿನ ತಟ್ಟೆಯೂ ಒಮ್ಮೆ ಬರೆಯುವ ತಟ್ಟೆಯೂ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 45ರಿಂದ 85 ಪಾಲನ್ನು ಹಿಂದಿರುಗಿಸುವುವು. ಅಳಿಸಿ ಬರೆಯುವ ತಟ್ಟೆಯಾದರೋ 18ರಿಂದ 30 ಪಾಲನ್ನು ಮಾತ್ರ. ಎರಡು ಪದರವುಳ್ಳ ಅಚ್ಚಿನ ತಟ್ಟೆಯ ಪ್ರತಿಫಲನವೂ ಇಷ್ಟೇ ಮಂದವಾದುದು. ಆದುದರಿಂದ ಕೆಲವು ಹಳೆಯ ಪ್ಲೇಯರುಗಳು ಅಳಿಸಿ ಬರೆಯುವ ತಟ್ಟೆಯನ್ನು ಎರಡು ಪದರದ್ದೆಂದು ಭ್ರಮಿಸಿ, ಇಲ್ಲದ ಪದರವನ್ನು ಹುಡುಕಿ ಸೋಲುವುವು. ನೆರೆಯವರು ತಂದುದು ಅಳಿಸಿ ಬರೆಯುವ ತಟ್ಟೆಯೇ ಆಗಿತ್ತು.

ಗಣಕದ ಮೂಲಕ ಅದರ ಪೂರ್ಣ ಪ್ರತಿಯನ್ನು ತೆಗೆದು, ಒಮ್ಮೆ ಬರೆಯುವ ತಟ್ಟೆಯ ಮೇಲೆ ಗರಿಷ್ಠ ವೇಗದಲ್ಲಲ್ಲದೆ 8 ಪಟ್ಟು ವೇಗದಲ್ಲಿ ಬರೆದೆವು. ಕೊನೆಯಲ್ಲಿ ತಟ್ಟೆಯನ್ನು ‘ಮುಕ್ತಾಯ’ಗೊಳಿಸಿದೆವು. ಈ ಕೊನೆಯ ಕ್ರಿಯೆಯನ್ನು ಮರೆಯಬಾರದು. ತಟ್ಟೆಯ ಪೀಠಿಕೆ ಮತ್ತು ಸಮಾಪ್ತಿ ವಲಯಗಳು ಪೂರ್ಣವಾಗುವುದು ಆಗಲೇ. ಅವಿಲ್ಲದಿದ್ದರೆ ಹಳೆಯ ಪ್ಲೇಯರು ತಟ್ಟೆಯನ್ನು ಗುರುತಿಸಲಾರದು.

ಹೊಸ ತಟ್ಟೆಯನ್ನು ಹಾಕಿದೊಡನೆ ಮೆನುವು ಪರದೆಯ ಮೇಲೆ ಮೂಡಿತು. ಮನೆಯವರಿಗೆ ಸಂತೋಷವಾಯಿತು. ಆದರೆ ರಿಮೋಟಿನ ಕೆಳಬಾಣವನ್ನು ಎಷ್ಟು ಒತ್ತಿದರೂ ಗುರುತು ಮೊದಲನೆಯ ಗುಂಡಿಯನ್ನು ಬಿಟ್ಟು ಕದಲಲಿಲ್ಲ. ಬೇಕಾದ ದೃಶ್ಯವಿದ್ದುದು ಎರಡನೆಯ ಗುಂಡಿಯಲ್ಲಿ! ಈಗ ಬೆಳಕಿನ ದೋಷ ಕಳೆದಿತ್ತು. ಫಲಕದ ಅಕ್ಷರ ಕಾಣುತ್ತಿತ್ತು. ಉಳಿದುದು ಬಾಣದ ದೋಷ.

ಮೆನು ಎಂಬುದು ಬರಿಯ ಚಿತ್ರವಲ್ಲ. ಹಿನ್ನೆಲೆಯ ಚಿತ್ರವೊಂದು, ಅದರ ಮೇಲೆ ನಾಲ್ಕೇ ಬಣ್ಣಗಳಿಗೆ ಸೀಮಿತವಾದ, ಆಯ್ದ ಗುಂಡಿಯನ್ನು ಬೆಳಗಿಸಿ ತೋರಿಸುವ ಹೊದಿಕೆಯ ಚಿತ್ರ ಇನ್ನೊಂದು, ಇವುಗಳೊಡನೆ ಆದೇಶಗಳು. ಪ್ರತಿಯೊಂದು ಗುಂಡಿಗೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒತ್ತಿದಾಗ ಯಾವ ಗುಂಡಿಗೆ ಹೋಗಬೇಕೆಂಬುದನ್ನು ಬೇರೆ ಬೇರೆಯಾಗಿ ಬರೆದಿಟ್ಟಿರುತ್ತದೆ. ಮೊದಲನೆಯ ಗುಂಡಿಯ ‘ಕೆಳಗೆ’ ಎಂಬಲ್ಲಿ ಅದರದೇ ಸಂಖ್ಯೆ ಬರೆದಿದ್ದರೆ ಗುರುತು ಅಲ್ಲಿಯೇ ಸೆರೆಯಾಗುವುದು. ಗಣಕದಲ್ಲಿ ಇದು ತಿಳಿಯಲಿಲ್ಲವೇಕೆ? ಅಲ್ಲಿ ನಾವು ಮೌಸಿನಿಂದ ನೇರವಾಗಿ ಎರಡನೆಯ ಗುಂಡಿಯನ್ನು ಮುಟ್ಟುತ್ತೇವೆ. ಬಾಣಗಳನ್ನು ಪರೀಕ್ಷಿಸುವುದೇ ಇಲ್ಲ.

ಗಣಕದಲ್ಲಿ ಸರಿ, ಪ್ಲೇಯರಿನಲ್ಲಿ ತಪ್ಪು ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಡಿವಿಡಿಯಲ್ಲಿ ಐ.ಎಫ್.ಒ. ಎಂಬ ಕಡತಗಳು ಸೂಚಿಪತ್ರದಂತೆ. ಮೆನುವೂ ಚಿತ್ರಭಾಗಗಳೂ ತಟ್ಟೆಯ ಎಷ್ಟನೆಯ ಖಂಡದಲ್ಲಿವೆ ಎಂಬ ಸಂಖ್ಯೆಗಳು ಅವುಗಳಲ್ಲಿರುತ್ತವೆ. ಚಿತ್ರವೂ ಧ್ವನಿಯೂ ಇರುವುದು ವಿ.ಒ.ಬಿ. ಕಡತಗಳಲ್ಲಿ. ಗಣಕವು ಕಡತವನ್ನು ಹೆಸರಿನಿಂದಲೇ ಹುಡುಕಿಕೊಳ್ಳಬಲ್ಲುದು. ಪ್ಲೇಯರು ಸಂಖ್ಯೆಯನ್ನು ನಂಬಿ ನಡೆಯುವುದು. ಈ ಕಡತಗಳನ್ನು ‘ಡಿವಿಡಿ ವಿಡಿಯೊ’ ಕ್ರಮದಲ್ಲಿ ಬರೆಯದೆ ಸಾಮಾನ್ಯ ದತ್ತಾಂಶದಂತೆ ಬರೆದರೆ ಸ್ಥಾನಗಳು ಪಲ್ಲಟವಾಗಿ, ಮೆನುವು ಬಾರದೆ ಹೋಗಬಹುದು ಅಥವಾ ಗುಂಡಿ ಒತ್ತಿದಾಗ ಪರದೆ ಕಪ್ಪಾಗಿ ನಿಲ್ಲಬಹುದು.

ಹೀಗಿರಲು ದೋಷವನ್ನು ಪತ್ತೆಹಚ್ಚುವ ಮಾರ್ಗವೇನು? ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ನಿಯಮವೇ ಇಲ್ಲಿಯೂ ಸಾಕು: ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು.

1. ಅಂಗಡಿಯಿಂದ ತಂದ ಅಚ್ಚಿನ ತಟ್ಟೆಯೊಂದನ್ನು ಅದೇ ಪ್ಲೇಯರಿನಲ್ಲಿ ಹಾಕಿ ನೋಡಿರಿ. ಅದೂ ನಡೆಯದಿದ್ದರೆ ದೋಷವು ಯಂತ್ರದ್ದು. ಮಸೂರದ ಮೇಲೆ ಧೂಳು ಕುಳಿತಿರಬಹುದು.

2. ಅಚ್ಚಿನ ತಟ್ಟೆ ನಡೆದರೆ, ನಿಮ್ಮ ತಟ್ಟೆಯನ್ನು ಇನ್ನೊಂದು ಪ್ಲೇಯರಿನಲ್ಲಿ ಹಾಕಿರಿ. ಅಲ್ಲಿಯೂ ಅದೇ ಗುಂಡಿಯಲ್ಲಿ ಅದೇ ತಪ್ಪು ಕಂಡರೆ ದೋಷವು ಮೆನುವಿನ ಆದೇಶದಲ್ಲಿದೆಯೆಂದು ಬಹುಮಟ್ಟಿಗೆ ನಂಬಬಹುದು.

3. ಅಲ್ಲಿ ಸರಿಯಾಗಿ ನಡೆದರೆ, ಏನನ್ನೂ ತಿದ್ದದೆ ಅದೇ ಪ್ರತಿಯನ್ನು ಒಮ್ಮೆ ಬರೆಯುವ ಬೇರೊಂದು ತಟ್ಟೆಯ ಮೇಲೆ ಕಡಿಮೆ ವೇಗದಲ್ಲಿ ಬರೆಯಿರಿ. ಹಳೆಯ ಪ್ಲೇಯರು ಈಗ ಒಪ್ಪಿದರೆ ದೋಷವಿದ್ದುದು ಬೆಳಕಿನಲ್ಲಿ.

4. ಬೆಳಗುವ ಗುರುತು ಅಕ್ಷರದ ಮೇಲೆ ಬೀಳದೆ ತುಸು ಮೇಲೆ ಕೆಳಗೆ ಬಿದ್ದರೆ, 16:9 ಪ್ರಮಾಣದ ಮೆನುವನ್ನು 4:3 ಪರದೆಯಲ್ಲಿ ನೋಡುತ್ತಿರುವಿರೋ ಹೇಗೆಂದು ಪರೀಕ್ಷಿಸಿರಿ. ಇಂಥ ಪರದೆಗೆ ಹೊದಿಕೆಯ ಚಿತ್ರ ಪ್ರತ್ಯೇಕವಾಗಿ ಬೇಕು. ಹಳೆಯ ಟೆಲಿವಿಷನ್ನಿಗಾಗಿ 4:3 ಮೆನುವೇ ಲೇಸು.

ಒಂದೇ ಸಲಕ್ಕೆ ತಟ್ಟೆಯನ್ನೂ ವೇಗವನ್ನೂ ಮೆನುವನ್ನೂ ಬದಲಿಸಿದರೆ ಕೆಲಸ ಆದೀತು. ಆದರೆ ಯಾವುದರಿಂದ ಆಯಿತೆಂಬುದು ತಿಳಿಯದು. ಮುಂದಿನ ತಟ್ಟೆ ಕೆಟ್ಟಾಗ ನಾವು ಮತ್ತೆ ಕತ್ತಲೆಯಲ್ಲಿಯೇ ಇರುವೆವು.

ನೆರೆಯವರ ತಟ್ಟೆಯ ಮೆನುವನ್ನು ತಯಾರಿಸಿದ ಮೂಲ ಕಡತ ಉಳಿದಿರಲಿಲ್ಲ. ಆದರೂ ಚಿಂತೆಯಿರಲಿಲ್ಲ. ಅಂದು ಸಂಜೆಯೇ ರಿಮೋಟಿನ ಅಂಕೆಯ ಗುಂಡಿಯಿಂದ ಎರಡನೆಯ ಭಾಗವನ್ನು ನೇರವಾಗಿ ಕರೆದೆವು. ಅನೇಕ ಪ್ಲೇಯರುಗಳಲ್ಲಿ ಇದು ಸಾಧ್ಯ. ಮುದುಕರ ಧ್ವನಿ ಕೇಳಿಸಿದಾಗ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಮರುದಿನ ಚಿತ್ರಭಾಗಗಳನ್ನು ಇದ್ದಂತೆಯೇ ಎತ್ತಿಕೊಂಡು, ಎರಡೇ ಗುಂಡಿಗಳ ಸರಳ ಮೆನುವನ್ನು ರಚಿಸಿ, ಬರೆಯುವ ಮೊದಲು ಗಣಕದಲ್ಲಿ ಬಾಣದ ಕೀಲಿಗಳಿಂದಲೇ ಪರೀಕ್ಷಿಸಿದೆವು. ಹಳೆಯ ಪ್ಲೇಯರು ಅದನ್ನು ತಕರಾರಿಲ್ಲದೆ ನಡೆಸಿತು.

ಇನ್ನೊಂದು ಮಾತು. ಬರೆದ ತಟ್ಟೆಯ ಬಣ್ಣದ ಪದರವು ಬಿಸಿಲಿಗೂ ಕಾವಿಗೂ ಕ್ರಮೇಣ ಕೆಡುವುದು. ಓದುವ ಯಂತ್ರಗಳೂ ಮನೆಗಳಿಂದ ಮರೆಯಾಗುತ್ತಿವೆ. ನಿಮ್ಮ ಮನೆಯ ಕಪಾಟಿನಲ್ಲಿಯೂ ಇಂಥ ತಟ್ಟೆಗಳಿರಬಹುದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರಸಿ, ಗಣಕದಲ್ಲಿ ಪೂರ್ಣ ಪ್ರತಿಯನ್ನು ತೆಗೆದು, ಎರಡು ಬೇರೆ ಬೇರೆ ಕಡೆ ಇಡಿರಿ. ಮೆನು ಕೆಟ್ಟರೆ ಮತ್ತೊಂದನ್ನು ರಚಿಸಬಹುದು. ಧ್ವನಿ ಅಳಿಸಿಹೋದರೆ ಅದನ್ನು ಮತ್ತೆ ತರಲಾಗದು.